ದೇವನಹಳ್ಳಿಯಲ್ಲಿ ಇಳಿದು ದಾವಣಗೆರೆಗೆ: ಯಾವ ಗಾಡಿ, ಎಷ್ಟು ಖರ್ಚು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಊರಿಗೆ ಬರುವ ಖರ್ಚಿನ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗದ ಓದುಗರಿಂದ ಕೆಲವು ತಿಂಗಳಿಂದ ಪತ್ರಗಳು ಬರುತ್ತಲೇ ಇವೆ. ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಐದು ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ ಎಂದು ಈ ಬಾರಿ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಬಾಡಿಗೆ ದರಗಳು ಹಬ್ಬಕ್ಕೊಂದು, ವಾರಾಂತ್ಯಕ್ಕೊಂದು ಆಗುವುದರಿಂದ ಇಲ್ಲಿನ ಅಂಕಿಗಳನ್ನು ಅಂದಾಜು ಎಂದೇ ಭಾವಿಸಿ, ಲೆಕ್ಕ ಹಾಕುವ ಕ್ರಮವನ್ನು ಇಟ್ಟುಕೊಂಡು ನಿಮ್ಮ ಅಂಕಿಗಳನ್ನು ಅದರಲ್ಲಿ ತುಂಬಿಸಿಕೊಳ್ಳಬೇಕಾಗಿ ವಿನಂತಿ.

ಪ್ರಶ್ನೆ: ನನ್ನ ಮಗಳು, ಅಳಿಯ ಮತ್ತು ಇಬ್ಬರು ಮೊಮ್ಮಕ್ಕಳು ಅಮೆರಿಕದಿಂದ ಬರುತ್ತಿದ್ದಾರೆ. ವಿಮಾನ ರಾತ್ರಿ 1 ಗಂಟೆಯ ಸುಮಾರಿಗೆ ಬೆಂಗಳೂರಿನಲ್ಲಿ ಇಳಿಯುತ್ತದೆ. ಇಲ್ಲಿಂದ ಇನ್ನೋವಾ ಕಳುಹಿಸಲು ಟ್ರಾವೆಲ್ಸ್‌ನವರು ಎಲ್ಲ ಸೇರಿ 12,000 ರೂಪಾಯಿ ಕೇಳಿದ್ದಾರೆ. ಅಲ್ಲಿಯೇ ಆ್ಯಪ್ ಮೂಲಕ ಒನ್ ವೇ ಗಾಡಿ ಹಿಡಿದರೆ 5,500ಕ್ಕೆ ಬರಬಹುದು ಎಂದು ಅಳಿಯಂದಿರು ಹೇಳುತ್ತಾರೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್‌ನಲ್ಲಿ ತಲೆಗೆ ಒಂದೂಕಾಲು ಸಾವಿರದ ಹತ್ತಿರ ಎಂದು ನೆರೆಯವರ ಸಲಹೆ. ಕರೆತರಲು ನಾನು, ನನ್ನಾಕೆ ಇಬ್ಬರೂ ಹೋಗಬೇಕೆಂದಿದ್ದೇವೆ. ಯಾವುದು ಅಗ್ಗ?
– ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಷ್ಟ್ರೇ, ಮೊದಲು ಆ 12,000ದ ಮೇಲಿನ ಅನುಮಾನವನ್ನು ಬಿಡಿಸೋಣ. ವಿಮಾನ ನಿಲ್ದಾಣದಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಸುಮಾರು 270 ಕಿಲೋಮೀಟರ್. ಇಲ್ಲಿಂದ ಹೊರಟ ಗಾಡಿ ಹೋಗುವಾಗ ಖಾಲಿ ಹೋಗುತ್ತದೆ, ಬರುವಾಗ ನಿಮ್ಮವರನ್ನು ಹೊತ್ತು ತರುತ್ತದೆ. ಬಾಡಿಗೆಯಂತೂ ಎರಡಕ್ಕೂ ಸೇರಿಯೇ ಬೀಳುತ್ತದೆ. ಇನ್ನೋವಾಗೆ ಕಿಲೋಮೀಟರಿಗೆ 19 ರೂಪಾಯಿ ಎಂದಿಟ್ಟುಕೊಂಡರೆ 540 ಕಿಲೋಮೀಟರಿಗೆ 10,260 ರೂಪಾಯಿ ಆಯಿತು. ಚಾಲಕನ ಬಾಟಾ, ಎಂದರೆ ದಿನಭತ್ಯೆ, 600, ಹೋಗಿಬರುವ ಟೋಲ್ ಆರೇಳು ನೂರು ಸೇರಿಸಿದರೆ ಹನ್ನೊಂದೂವರೆ ಸಾವಿರ ದಾಟುತ್ತದೆ. ಹಾಗಾಗಿ 12,000 ಎಂದವರು ನಿಮ್ಮನ್ನು ಸುಲಿಯಲು ಹೊರಟಿಲ್ಲ; ಖಾಲಿ ಓಡಿದ 270 ಕಿಲೋಮೀಟರಿನ ಖರ್ಚನ್ನು ಯಾರಾದರೂ ಕೊಡಲೇಬೇಕಲ್ಲ, ಅದನ್ನು ನಿಮ್ಮಿಂದ ಕೇಳುತ್ತಿದ್ದಾರೆ ಅಷ್ಟೆ.

ಒನ್ ವೇ ಗಾಡಿ ಅಗ್ಗವಾಗುವುದು ಇದೇ ಕಾರಣಕ್ಕೆ. ನಿಮ್ಮವರನ್ನು ಇಳಿಸಿದ ಮೇಲೆ ದಾವಣಗೆರೆಯಿಂದಲೋ ಹುಬ್ಬಳ್ಳಿಯಿಂದಲೋ ಬೆಂಗಳೂರಿಗೆ ಬಾಡಿಗೆ ಸಿಕ್ಕೀತೆಂಬ ಭರವಸೆಯ ಮೇಲೆ ಆ ದರ ನಿಂತಿರುತ್ತದೆ. ಆದರೆ ಅಳಿಯಂದಿರು ಹೇಳಿದ 5,500 ರೂಪಾಯಿ ಬಹುತೇಕ ಸೆಡಾನ್ ಗಾಡಿಯ ದರವಾಗಿರುತ್ತದೆ, ಮತ್ತು ತೊಡಕು ಇರುವುದು ಅಲ್ಲಿಯೇ. ಅಮೆರಿಕದಿಂದ ಬರುವವರು ಸಾಮಾನ್ಯವಾಗಿ ತಲೆಗೆ 23 ಕೆ.ಜಿ.ಯ ಎರಡು ಪೆಟ್ಟಿಗೆ ತರುತ್ತಾರೆ. ನಾಲ್ವರಿಗೆ ಎಂಟು ಪೆಟ್ಟಿಗೆ, 184 ಕೆ.ಜಿ., ಕೈಚೀಲಗಳು ಬೇರೆ. ಬಾಡಿಗೆ ಸೆಡಾನ್‌ಗಳಲ್ಲಿ ಅನೇಕವು ಸಿಎನ್‌ಜಿ ಗಾಡಿಗಳಾದ್ದರಿಂದ ಡಿಕ್ಕಿಯ ಅರ್ಧ ಭಾಗವನ್ನು ಸಿಲಿಂಡರೇ ತಿಂದಿರುತ್ತದೆ, ಉಳಿದ ಜಾಗದಲ್ಲಿ ದೊಡ್ಡ ಪೆಟ್ಟಿಗೆ ಎರಡು ಹಿಡಿದರೆ ಹೆಚ್ಚು. ಆಗ ಎರಡು ಸೆಡಾನ್ ಬೇಕಾಗುತ್ತದೆ. ಎರಡಕ್ಕೆ 11,000 ರೂಪಾಯಿ ಕೊಟ್ಟ ಮೇಲೆ ಉಳಿತಾಯ ಎಲ್ಲಿ ಉಳಿಯಿತು? ಅದೂ ಅಲ್ಲದೆ ಮಧ್ಯರಾತ್ರಿ ಎರಡು ಗಂಟೆಗೆ, ಮಕ್ಕಳು ನಿದ್ದೆಗಣ್ಣಿನಲ್ಲಿರುವಾಗ, 270 ಕಿಲೋಮೀಟರ್ ದೂರದ ಊರಿಗೆ ಒಪ್ಪಿಕೊಂಡ ಚಾಲಕ ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ಅಲ್ಲಿ ಮತ್ತೊಬ್ಬನನ್ನು ಹುಡುಕುವ ಪಾಡು ಅಳಿಯಂದಿರದ್ದು.

ಫ್ಲೈಬಸ್ ಬಗ್ಗೆ ನೆರೆಯವರು ಹೇಳಿದ್ದು ಸರಿಯಾಗಿದೆ. ಕೆಎಸ್‌ಆರ್‌ಟಿಸಿ ಮೈಸೂರಿಗೆ 2013ರಲ್ಲಿ ಆರಂಭಿಸಿದ ಈ ಸೇವೆ 2025ರಲ್ಲಿ ದಾವಣಗೆರೆಗೂ ಬಂದಿದೆ. ಬೆಂಗಳೂರು ನಗರದೊಳಗೆ ಹೋಗಿ ಸಿಕ್ಕಿಕೊಳ್ಳದೆ ವಿಮಾನ ನಿಲ್ದಾಣದಿಂದಲೇ ನೇರವಾಗಿ ನಮ್ಮ ಕಡೆಗೆ ಹೊರಡುವ ಹವಾನಿಯಂತ್ರಿತ ಬಸ್ಸು ಅದು. ನಾಲ್ವರಿಗೆ ಸುಮಾರು 5,000 ರೂಪಾಯಿ. ಅಂಕಿ ಮಾತ್ರ ನೋಡಿದರೆ ಇದನ್ನು ಮೀರಿಸುವ ಅನುಕೂಲ ಇಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಕೆಎಸ್‌ಆರ್‌ಟಿಸಿಯ ಸಾಮಾನ್ಯ ನಿಯಮದಂತೆ ವಯಸ್ಕ ಪ್ರಯಾಣಿಕರಿಗೆ ಉಚಿತ ಸಾಮಾನಿನ ಮಿತಿ 30 ಕೆ.ಜಿ.; ನಾಲ್ಕೂ ಪೂರ್ಣ ಟಿಕೆಟ್ ಎಂದು ಹಿಡಿದರೂ 120 ಕೆ.ಜಿ. ಆಗುತ್ತದೆ, ನಿಮ್ಮವರ ಪೆಟ್ಟಿಗೆಗಳು ಅದನ್ನು ಬಹಳ ಮೀರುತ್ತವೆ. ಎರಡನೆಯದು ಹೊತ್ತಿನ ವಿಷಯ. ಈ ಬಸ್ಸುಗಳು ದಿನದಲ್ಲಿ ಕೆಲವೇ ಹೊತ್ತಿಗೆ ಹೊರಡುತ್ತವೆ. ವಿಮಾನ 1 ಗಂಟೆಗೆ ನೆಲ ಮುಟ್ಟಿದರೆ ಜನ 1 ಗಂಟೆಗೆ ಹೊರಗೆ ಬರುವುದಿಲ್ಲ. ವಲಸೆ ತಪಾಸಣೆಯ ಸಾಲು, ಪೆಟ್ಟಿಗೆ ಬರುವ ಪಟ್ಟಿಯ ಮುಂದೆ ಕಾಯುವುದು, ಸುಂಕದವರ ಬಾಗಿಲು ಎಲ್ಲ ದಾಟುವಷ್ಟರಲ್ಲಿ ಒಂದೂವರೆ ಗಂಟೆ ಹಿಡಿಯಬಹುದು. ವಿಮಾನ ತಡವಾದರೆ ಬಸ್ಸು ಕಾಯುವುದಿಲ್ಲ, ಟಿಕೆಟ್ಟಿನ ಹಣವೂ ಹೋಗುತ್ತದೆ. ಮಾತನಾಡಿ ಗೊತ್ತುಮಾಡಿದ ಗಾಡಿ ಕಾಯುತ್ತದೆ.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ನಿಮ್ಮ ಸಂದರ್ಭಕ್ಕೆ ಇಲ್ಲಿಂದ ಇನ್ನೋವಾ ಕಳುಹಿಸುವುದೇ ಸರಿ, ಆದರೆ ನೀವಿಬ್ಬರೂ ಅದರಲ್ಲಿ ಹೋಗುವುದು ಸರಿಯಲ್ಲ. ಮಾತು ಕಟುವಾಯಿತೇನೋ, ಕ್ಷಮಿಸಿ. ಚಾಲಕನೂ ಸೇರಿ ಏಳು ಜನ ಕುಳಿತರೆ ಹಿಂದಿನ ಸೀಟನ್ನು ಮಡಚುವಂತಿಲ್ಲ, ಅದನ್ನು ಮಡಚದೆ ಎಂಟು ಪೆಟ್ಟಿಗೆ ಹಿಡಿಯುವುದಿಲ್ಲ; ಮೇಲೆ ಕ್ಯಾರಿಯರ್ ಇರುವ ಗಾಡಿ ಸಿಕ್ಕರೆ ಮಾತ್ರ ಹೋಗುವ ಯೋಚನೆ ಮಾಡಿ. ಇಲ್ಲದಿದ್ದರೆ ಮೊಮ್ಮಕ್ಕಳನ್ನು ನಾಲ್ಕೈದು ಗಂಟೆ ಮೊದಲು ನೋಡುವ ಆಸೆಗೆ ಎರಡನೆಯ ಗಾಡಿಯ ಬಾಡಿಗೆ ತೆತ್ತಂತಾಗುತ್ತದೆ. ಆ ಹಣದ ಒಂದು ಸಣ್ಣ ಪಾಲನ್ನು ಚಾಲಕನ ನಿದ್ದೆಗೆ ಕೊಡಿ. ರಾತ್ರಿ ಎಂಟಕ್ಕೆ ದಾವಣಗೆರೆ ಬಿಟ್ಟು, ಎರಡೂವರೆಗೆ ಜನರನ್ನು ಹತ್ತಿಸಿಕೊಂಡು ಮರಳುವ ಚಾಲಕ ಹಿರಿಯೂರು–ಚಿತ್ರದುರ್ಗದ ನಡುವೆ ಬರುವಷ್ಟರಲ್ಲಿ ಬೆಳಗಿನ ಜಾವದ ಐದು ಗಂಟೆ ಆಗಿರುತ್ತದೆ, ನಿದ್ದೆ ಎಳೆಯುವ ಹೊತ್ತು ಅದು. ಮಧ್ಯಾಹ್ನವೇ ಹೊರಟು ದೇವನಹಳ್ಳಿಯಲ್ಲಿ ನಾಲ್ಕು ಗಂಟೆ ಮಲಗಿ ಎದ್ದು ಬರುವಂತೆ ಮೊದಲೇ ಮಾತನಾಡಿ. ಅದಕ್ಕೆ ಇನ್ನೊಂದು ಬಾಟಾ ಕೇಳಿದರೆ ಚೌಕಾಸಿ ಮಾಡಬೇಡಿ. ವಿಮಾನದ ಸಂಖ್ಯೆಯನ್ನು ಚಾಲಕನಿಗೆ ಕೊಡಿ, ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲ್‌ನಲ್ಲಿ ಇಳಿಯುತ್ತವೆ ಎಂಬುದನ್ನೂ ತಿಳಿಸಿ. ಟರ್ಮಿನಲ್ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುವಂತಿಲ್ಲ, ನಿಗದಿತ ನಿಮಿಷ ಮೀರಿದರೆ ಶುಲ್ಕ ಬೀಳುತ್ತದೆ. ಅಳಿಯಂದಿರು ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸಿದ ಮೇಲೆ ಫೋನ್ ಮಾಡಿ ಕರೆಸಿಕೊಂಡರೆ ಸಾಕು.

ಪ್ರಶ್ನೆ: ನಾನು ದೆಹಲಿಯಲ್ಲಿ ಓದುತ್ತಿದ್ದು, ರಜೆಗೆ ಚಿತ್ರದುರ್ಗಕ್ಕೆ ಒಬ್ಬಳೇ ಬರುತ್ತೇನೆ. ವಿಮಾನ ರಾತ್ರಿ 9 ಗಂಟೆಗೆ ಇಳಿಯುತ್ತದೆ, ಒಂದೇ ಒಂದು ಚೀಲ ಇರುತ್ತದೆ. ಕಳೆದ ಸಲ ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಟ್ಯಾಕ್ಸಿಗೆ ಕೊಟ್ಟ ಹಣ, ಮೆಜೆಸ್ಟಿಕ್‌ನಿಂದ ಚಿತ್ರದುರ್ಗದವರೆಗಿನ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚಾಯಿತು. ಅತಿ ಕಡಿಮೆ ಖರ್ಚಿನಲ್ಲಿ, ಆದರೆ ಭಯವಿಲ್ಲದೆ ಬರುವ ದಾರಿ ಯಾವುದು?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ನಿಮ್ಮ ಅನುಭವದಲ್ಲಿ ಆಶ್ಚರ್ಯವೇನಿಲ್ಲ. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ನಗರ ಟ್ಯಾಕ್ಸಿಗಳಿಗೆ ನಿಗದಿಪಡಿಸಿದ ಏಕರೂಪ ದರದಂತೆ, 10 ಲಕ್ಷ ರೂಪಾಯಿಗಿಂತ ಕಡಿಮೆ ಬೆಲೆಯ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 24 ರೂಪಾಯಿ. ಮೆಜೆಸ್ಟಿಕ್ 36 ಕಿಲೋಮೀಟರ್ ಎಂದು ಹಿಡಿದರೆ 868 ರೂಪಾಯಿ ಆಗುತ್ತದೆ. ಸಾದಹಳ್ಳಿಯ ಟೋಲ್ ಮತ್ತು ಜಿಎಸ್‌ಟಿ ಸೇರಿದರೆ ಸಾವಿರ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಇನ್ನೂ ನೂರಕ್ಕೆ ಹತ್ತರಷ್ಟು ಹೆಚ್ಚು ಕೇಳಲು ಅವಕಾಶವಿದೆ. ದೂರ ಕಡಿಮೆಯಾದರೂ ಈ ಮೊದಲ 36 ಕಿಲೋಮೀಟರೇ ನಮ್ಮ ಜಿಲ್ಲೆಗಳವರ ಜೇಬಿಗೆ ಕತ್ತರಿ ಹಾಕುವುದು, ಮುಂದಿನ 200 ಕಿಲೋಮೀಟರ್ ಅಲ್ಲ.

ಆದ್ದರಿಂದ ಉಳಿತಾಯವನ್ನು ಅಲ್ಲಿಯೇ ಹುಡುಕಬೇಕು. ಬಿಎಂಟಿಸಿಯ ವಾಯುವಜ್ರ ಬಸ್ಸುಗಳಲ್ಲಿ ಕೆಐಎ–9 ಎಂಬ ಸಂಖ್ಯೆಯದು ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಬರುತ್ತದೆ. ದರ 300 ರೂಪಾಯಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿ ಎಂದು ಹೆಚ್ಚಾಗುವುದಿಲ್ಲ. ಇಳಿದ ಜಾಗದಿಂದ ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೆ ಚೀಲ ಎಳೆದುಕೊಂಡು ನಡೆದೇ ಹೋಗಬಹುದು. ಅಲ್ಲಿಂದ ಮುಂದೆ ನಿಮ್ಮ ಖರ್ಚು ಶೂನ್ಯ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ದೆಹಲಿಯಲ್ಲಿದ್ದೀರೆಂದು ಆಧಾರ್ ವಿಳಾಸವನ್ನು ಅಲ್ಲಿಗೆ ಬದಲಾಯಿಸಿಕೊಂಡಿದ್ದರೆ ನಿರ್ವಾಹಕರ ಜೊತೆ ವಾದ ಖಂಡಿತ, ಅದನ್ನು ನೆನಪಿನಲ್ಲಿಡಿ. ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ ಈ ಸೌಲಭ್ಯ ಇಲ್ಲ, ವಾಯುವಜ್ರಕ್ಕೂ ಇಲ್ಲ. ಹೀಗೆ 300 ರೂಪಾಯಿಯಲ್ಲಿ ವಿಮಾನ ನಿಲ್ದಾಣದಿಂದ ಚಿತ್ರದುರ್ಗ ತಲುಪಿದಂತಾಯಿತು. ಇದೇ ದಾರಿಯಲ್ಲಿ ನಿಮ್ಮ ಅಣ್ಣನೋ ತಮ್ಮನೋ ಬಂದರೆ ಚಿತ್ರದುರ್ಗದ ಟಿಕೆಟ್ ಸೇರಿ 600 ರೂಪಾಯಿಯ ಒಳಗೇ ಮುಗಿಯುತ್ತದೆ.

ಭಯದ ಮಾತಿಗೆ ಬರೋಣ. 9 ಗಂಟೆಗೆ ಇಳಿದವರು ಚೀಲ ತೆಗೆದುಕೊಂಡು 10ಕ್ಕೆ ಬಸ್ಸು ಹತ್ತಿದರೆ ಮೆಜೆಸ್ಟಿಕ್ ತಲುಪುವಾಗ 11 ದಾಟಿರುತ್ತದೆ. ಎದುರಿಗೆ ನಿಂತ ಮೊದಲ ಬಸ್ಸಿಗೇ ಹತ್ತಿದರೆ ಚಿತ್ರದುರ್ಗದಲ್ಲಿ ಇಳಿಯುವಾಗ ಬೆಳಗಿನ ಜಾವ ಮೂರೂವರೆ, ನಾಲ್ಕು. ಅದರಲ್ಲೂ ಹುಬ್ಬಳ್ಳಿ, ಬೆಳಗಾವಿ ಕಡೆಯ ದೂರದ ಬಸ್ಸುಗಳಲ್ಲಿ ಕೆಲವು ಊರೊಳಗೆ ಬರದೆ ಬೈಪಾಸಿನಲ್ಲೇ ಇಳಿಸಿ ಹೋಗುತ್ತವೆ. ಆ ಕತ್ತಲಲ್ಲಿ ಹೆದ್ದಾರಿಯ ಬದಿಯಲ್ಲಿ ಚೀಲ ಹಿಡಿದು ನಿಂತಾಗ ಬರುವ ಒಂದೇ ಆಟೋದವರು ಕೇಳಿದ್ದೇ ದರ. ಹತ್ತುವ ಮೊದಲು ‘ದುರ್ಗದ ಬಸ್ ಸ್ಟ್ಯಾಂಡಿಗೆ ಹೋಗುತ್ತದೆಯೇ’ ಎಂದು ನಿರ್ವಾಹಕರನ್ನು ಕೇಳಿಯೇ ಹತ್ತಿ. ಸಾಧ್ಯವಾದರೆ 1 ಗಂಟೆಯ ನಂತರ ಹೊರಡುವ ಬಸ್ಸು ನೋಡಿ, ಬೆಳಕು ಹರಿಯುವ ಹೊತ್ತಿಗೆ ಇಳಿಯುತ್ತೀರಿ. ಮೆಜೆಸ್ಟಿಕ್ ನಿಲ್ದಾಣದಲ್ಲಿ ರಾತ್ರಿಯಿಡೀ ಜನ ಇರುವುದರಿಂದ, ಒಂದೂವರೆ ಗಂಟೆ ಅಲ್ಲಿ ಕುಳಿತು ಕಾಯುವುದು ಬೈಪಾಸಿನಲ್ಲಿ ಹತ್ತು ನಿಮಿಷ ಕಾಯುವುದಕ್ಕಿಂತ ಎಷ್ಟೋ ವಾಸಿ.

ರೈಲಿನ ವಿಷಯವನ್ನು ನೀವು ಕೇಳಿಲ್ಲ, ಕೇಳದಿರುವುದೇ ಸರಿ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ತುಮಕೂರಿನಿಂದ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿ ದಾವಣಗೆರೆಗೆ ಹೋಗುತ್ತದೆಯೇ ಹೊರತು ಚಿತ್ರದುರ್ಗವನ್ನು ಮುಟ್ಟುವುದಿಲ್ಲ. ದುರ್ಗದ ನಿಲ್ದಾಣ ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿ ಕಡೆಗೆ ಹೋಗುವ ಕವಲಿನ ಮೇಲಿದೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ಪೂರ್ಣವಾಗುವವರೆಗೆ ಬೆಂಗಳೂರಿನ ಮಟ್ಟಿಗೆ ದುರ್ಗದವರಿಗೆ ಬಸ್ಸೇ ರೈಲು.

ಪ್ರಶ್ನೆ: ವ್ಯಾಪಾರದ ಕೆಲಸಕ್ಕೆ ತಿಂಗಳಿಗೊಮ್ಮೆ ದೆಹಲಿಗೆ ಹೋಗುತ್ತೇನೆ. ಸ್ವಂತ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿ, ಎರಡು ದಿನ ಅಲ್ಲಿಯೇ ನಿಲ್ಲಿಸಿ ಮರಳುತ್ತೇನೆ. ಕಾರು ಇರುವಾಗ ಬೇರೆಯವರಿಗೆ ಬಾಡಿಗೆ ಏಕೆ ಕೊಡಬೇಕು ಎಂಬುದು ನನ್ನ ಲೆಕ್ಕ. ಸರಿಯೇ?
– ಜವಳಿ ವ್ಯಾಪಾರಿ, ದಾವಣಗೆರೆ

ಉತ್ತರ: ಒಬ್ಬರೇ ಹೋಗುವುದಾದರೆ ಸರಿಯಲ್ಲ, ಮೂವರಾದರೆ ಸರಿ. ಲೀಟರಿಗೆ 16 ಕಿಲೋಮೀಟರ್ ಕೊಡುವ ಕಾರಿಗೆ 540 ಕಿಲೋಮೀಟರಿಗೆ ಸುಮಾರು 34 ಲೀಟರ್ ಪೆಟ್ರೋಲ್ ಬೇಕು; ಲೀಟರಿಗೆ 103 ರೂಪಾಯಿ ಎಂದರೆ ಹತ್ತಿರ ಹತ್ತಿರ 3,500. ನಿಲುಗಡೆಗೆ ಎರಡು ದಿನಕ್ಕೆ 1,000 ರೂಪಾಯಿ ಎಂದು ಹಿಡಿಯೋಣ. ಟೋಲ್ ಮಾತ್ರ ನಿಮಗೆ ಈಗ ಹಗುರವಾಗಬಹುದು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ (ಆರಂಭದ ದರ 3,000 ರೂಪಾಯಿ) ಸಿಗುತ್ತಿದ್ದು, ಅದರಲ್ಲಿ ಒಂದು ವರ್ಷ ಅಥವಾ 200 ದಾಟುವಿಕೆ, ಯಾವುದು ಮೊದಲೋ ಅಲ್ಲಿಯವರೆಗೆ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳನ್ನು ದಾಟಬಹುದು. ಎಂದರೆ 200ನ್ನೂ ಬಳಸಿಕೊಂಡರೆ ಆ ದರದಲ್ಲಿ ಗೇಟಿಗೆ 15 ರೂಪಾಯಿ ಬಿತ್ತು. ಶಿರಾ ಬಳಿಯ ಕರ್ಜೀವನಹಳ್ಳಿ, ಹಿರಿಯೂರಿನ ಗುಯಿಲಾಳು, ನಮ್ಮ ಹೆಬ್ಬಾಳು ಇವನ್ನೆಲ್ಲ ತಿಂಗಳಿಗೊಮ್ಮೆ ಎರಡೂ ದಿಕ್ಕಿನಲ್ಲಿ ದಾಟುವ ನಿಮಗೆ ಪಾಸು ಬಹುಬೇಗ ಗಿಟ್ಟುತ್ತದೆ. ಬಾಡಿಗೆಯ ಹಳದಿ ಬೋರ್ಡ್ ಗಾಡಿಗಳಿಗೆ ಈ ಪಾಸ್ ಇಲ್ಲ. ಟೋಲ್‌ಗೆ 150 ಎಂದು ಹಿಡಿದು ಎಲ್ಲ ಕೂಡಿಸಿದರೆ ಒಂದು ಸಲಕ್ಕೆ 4,650 ರೂಪಾಯಿ. ಟೈರು, ಸರ್ವಿಸು, ಕಾರಿನ ಸವಕಳಿ ಇದರಲ್ಲಿ ಸೇರಿಲ್ಲ.

ರಾತ್ರಿಯ ರೈಲಿನಲ್ಲಿ ಎಸಿ ಮೂರನೇ ದರ್ಜೆಗೆ 600 ರೂಪಾಯಿ, ಯಶವಂತಪುರದಲ್ಲಿ ಇಳಿದು ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಗೆ 800 ರೂಪಾಯಿ ಎಂದು ಹಿಡಿದರೆ ಹೋಗಿಬರಲು ಒಬ್ಬರಿಗೆ 2,800 ಆಗುತ್ತದೆ. ಇಬ್ಬರಾದರೆ ಟ್ಯಾಕ್ಸಿ ಒಂದೇ ಆದ್ದರಿಂದ 4,000. ಮೂವರಾದರೆ 5,200; ಕಾರು ಗೆಲ್ಲುವುದು ಅಲ್ಲಿಂದ. ರಾತ್ರಿ ರೈಲುಗಳು ಬೆಳಿಗ್ಗೆ ಐದಾರು ಗಂಟೆಗೆ ಬೆಂಗಳೂರು ಮುಟ್ಟುವುದರಿಂದ ಒಂಬತ್ತು ಗಂಟೆಯ ನಂತರದ ವಿಮಾನಕ್ಕೆ ಮಾತ್ರ ಈ ಲೆಕ್ಕ ಹೊಂದುತ್ತದೆ. ಮರಳುವಾಗ ಮಧ್ಯಾಹ್ನದೊಳಗೆ ಬೆಂಗಳೂರಿಗೆ ಬಂದರೆ 2.20ಕ್ಕೆ ಹೊರಡುವ ಬೆಳಗಾವಿಯ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಚೇರ್ ಕಾರಿಗೆ ಸಾವಿರ ರೂಪಾಯಿಯ ಆಸುಪಾಸು. ಮುಂಜಾನೆ ಬೆಂಗಳೂರಿನಿಂದ ಆರಕ್ಕೆ ಮೊದಲೇ ಹೊರಡುವ ಧಾರವಾಡದ ವಂದೇ ಭಾರತ್ ಕೂಡ ಇದೆ. ರಾತ್ರಿ ಎರಡು ಮೂರರ ಹೊತ್ತಿಗೆ ಇಳಿಯುವವರಿಗೆ ಅದು ಹೇಳಿ ಮಾಡಿಸಿದಂತಿದೆ.

ಇನ್ನೊಂದು ಮಾತು. ಹುಬ್ಬಳ್ಳಿ ವಿಮಾನ ನಿಲ್ದಾಣ ದಾವಣಗೆರೆಯಿಂದ ಸುಮಾರು 150 ಕಿಲೋಮೀಟರ್. ಅಲ್ಲಿಗೆ ಕಾರಿನಲ್ಲಿ ಹೋಗಿಬಂದರೆ ಬೆಂಗಳೂರಿಗಿಂತ 240 ಕಿಲೋಮೀಟರ್, ಎಂದರೆ 15 ಲೀಟರ್ ಪೆಟ್ರೋಲ್ ಉಳಿಯುತ್ತದೆ. ಅದರ ಬೆಲೆ 1,500 ರೂಪಾಯಿ ಚಿಲ್ಲರೆ. ಹುಬ್ಬಳ್ಳಿಯಿಂದ ಹೋಗಿಬರುವ ವಿಮಾನದ ಟಿಕೆಟ್ ಬೆಂಗಳೂರಿನದಕ್ಕಿಂತ ಅಷ್ಟಕ್ಕಿಂತ ಹೆಚ್ಚು ದುಬಾರಿ ಇಲ್ಲದ ದಿನ ಹುಬ್ಬಳ್ಳಿಯೇ ಮೇಲು. ಶಿವಮೊಗ್ಗದ ಸೋಗಾನೆ ಇನ್ನೂ ಹತ್ತಿರ, 2023ರ ಆಗಸ್ಟ್ 31ರಿಂದ ಅಲ್ಲಿ ವಿಮಾನಗಳು ಹಾರುತ್ತಿವೆ. ಆದರೆ ಅಲ್ಲಿಂದ ಹೋಗುವ ಊರುಗಳು ಕಡಿಮೆಯಾದ್ದರಿಂದ ನಿಮ್ಮ ದೆಹಲಿ ಕೆಲಸಕ್ಕೆ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಕಳೆದ ತಿಂಗಳು ತಂದೆಯವರನ್ನು ವಿಮಾನ ನಿಲ್ದಾಣದಿಂದ ಕರೆತರಲು ಒಂದು ಟ್ರಾವೆಲ್ಸ್‌ನಿಂದ ಸೆಡಾನ್ ಮಾಡಿದ್ದೆವು. ಫೋನಿನಲ್ಲಿ 7,000 ಎಂದವರು ಮನೆ ಮುಂದೆ ಇಳಿಸಿದ ಮೇಲೆ 9,200 ಕೇಳಿದರು. ಟೋಲ್, ಎರಡು ದಿನದ ಬಾಟಾ, ಕಾಯ್ದ ಹೊತ್ತು ಎಂದು ಪಟ್ಟಿ ಹೇಳಿದರು. ತಂದೆಯವರ ಎದುರು ಜಗಳ ಬೇಡವೆಂದು ಕೊಟ್ಟುಬಿಟ್ಟೆ. ಇದಕ್ಕೆ ಪರಿಹಾರ ಇದೆಯೇ?
– ಗೃಹಿಣಿ, ಚಿತ್ರದುರ್ಗ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ವಯಸ್ಸಾದವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಲೆಕ್ಕ ಕೇಳುವುದು ಯಾರಿಂದಲೂ ಆಗದು, ಕೆಲವರಿಗೆ ಅದು ಚೆನ್ನಾಗಿ ಗೊತ್ತು. ಆದರೂ ಅವರು ಕೇಳಿದ್ದರಲ್ಲಿ ಎಷ್ಟು ರೂಢಿಯದು, ಎಷ್ಟು ಹೆಚ್ಚಿನದು ಎಂದು ಬಿಡಿಸಿ ನೋಡಬೇಕು. ಹೊರಊರಿನ ಬಾಡಿಗೆಯಲ್ಲಿ ಟೋಲ್ ಮತ್ತು ಬಾಟಾ ಪ್ರತ್ಯೇಕವಾಗಿರುವುದು ಈ ವ್ಯವಹಾರದ ಹಳೆಯ ರೂಢಿ. ಎರಡು ದಿನದ ಬಾಟಾ ಎಲ್ಲಿಂದ ಬಂತೆಂದರೆ, ಅನೇಕರು ದಿನವನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಾರೆ; ಸಂಜೆ ಏಳಕ್ಕೆ ಹೊರಟು ಬೆಳಿಗ್ಗೆ ಏಳಕ್ಕೆ ಮರಳಿದ ಹನ್ನೆರಡು ಗಂಟೆ ಅವರ ಪುಸ್ತಕದಲ್ಲಿ ಎರಡು ದಿನ. ದಿನಕ್ಕೆ ಕನಿಷ್ಠ 300 ಕಿಲೋಮೀಟರಿನ ಬಾಡಿಗೆ ಎಂಬ ಷರತ್ತೂ ಇದ್ದರೆ ಓಡದ ಕಿಲೋಮೀಟರಿಗೂ ಹಣ ಬೀಳುತ್ತದೆ. ಚಿತ್ರದುರ್ಗದಿಂದ ಹೋಗಿಬಂದರೆ 420 ಕಿಲೋಮೀಟರ್ ಚಿಲ್ಲರೆ, ಅವರ ಲೆಕ್ಕದಲ್ಲಿ ಅದು 600 ಆಗುತ್ತದೆ. ಕಿಲೋಮೀಟರನ್ನು ನಿಮ್ಮ ಮನೆಯಿಂದಲ್ಲ, ಅವರ ಶೆಡ್ಡಿನಿಂದ ಶೆಡ್ಡಿಗೆ ಎಣಿಸುವುದು ಮತ್ತೊಂದು. ಇವೆಲ್ಲವನ್ನೂ ಮೊದಲೇ ಹೇಳಿದ್ದರೆ ತಕರಾರಿಲ್ಲ. ಇಳಿಸಿದ ಮೇಲೆ ಹೇಳಿದ್ದೇ ತಪ್ಪು.

7,000 ಎಂದು ಒಪ್ಪಿದ್ದಕ್ಕೆ ವಾಟ್ಸ್‌ಆ್ಯಪ್ ಸಂದೇಶವೋ ಬುಕಿಂಗ್ ರಸೀದಿಯೋ ನಿಮ್ಮಲ್ಲಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ಮಾತಿನಲ್ಲಷ್ಟೇ ಆಗಿದ್ದರೆ ಸಾಬೀತು ಮಾಡುವುದು ಕಷ್ಟ, 2,200 ರೂಪಾಯಿಗೆ ಓಡಾಡುವ ಖರ್ಚೂ ಬೇರೆ. ಮುಂದಿನ ಸಲ ದರ ಕೇಳುವಾಗ ‘ಟೋಲ್, ಬಾಟಾ, ಕಾಯುವುದು, ನಿಲುಗಡೆ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟು, ವಿಮಾನ ಎರಡು ಗಂಟೆ ತಡವಾದರೆ ಎಷ್ಟು’ ಎಂದು ಎರಡೇ ಪ್ರಶ್ನೆಯನ್ನು ಬರಹದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬರೆದು ಕೊಡಲು ಹಿಂಜರಿಯುವವರನ್ನು ಅಲ್ಲಿಗೇ ಬಿಟ್ಟು ಮುಂದಿನವರಿಗೆ ಫೋನ್ ಮಾಡಿ.

ಇದರ ಜೊತೆಗೇ ಒಂದು ಎಚ್ಚರಿಕೆ. ‘ಪರಿಚಯದ ಹುಡುಗನ ಕಾರಿದೆ, ಡೀಸೆಲ್ ಹಾಕಿಸಿ ಎರಡು ಸಾವಿರ ಕೊಟ್ಟರೆ ಸಾಕು’ ಎಂಬ ಮಾತು ನಮ್ಮ ಊರುಗಳಲ್ಲಿ ಬಹಳ ಕೇಳಿಬರುತ್ತದೆ. ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ದಾರಿಯಲ್ಲಿ ಅನಾಹುತವಾದರೆ ಬಾಡಿಗೆಗೆ ಬಳಸಿದ್ದಾರೆ ಎಂಬ ಕಾರಣ ಮುಂದೊಡ್ಡಿ ವಿಮೆಯವರು ಕೈಚೆಲ್ಲಬಹುದು. ಅಲ್ಲಿ ಉಳಿದ ಮೂರು ನಾಲ್ಕು ಸಾವಿರಕ್ಕೆ ಹೊರುವ ಹೊರೆ ತೀರ ದೊಡ್ಡದು.

ಪ್ರಶ್ನೆ: ವಿಮಾನ ನಿಲ್ದಾಣಕ್ಕೆ ರೈಲು ನಿಲ್ದಾಣವೂ ಇದೆಯಂತೆ, ಮೆಟ್ರೋ ಕೂಡ ಬರುತ್ತದಂತೆ. ದಾವಣಗೆರೆಯಿಂದ ಬರುವವರಿಗೆ ಇವುಗಳಿಂದ ಏನಾದರೂ ಉಳಿತಾಯ ಆಗುತ್ತದೆಯೇ?
– ಓದುಗರು, ಹರಿಹರ ರಸ್ತೆ, ದಾವಣಗೆರೆ

ಉತ್ತರ: ರೈಲು ನಿಲ್ದಾಣ 2021ರ ಜನವರಿಯಿಂದ ಇದೆ, ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗದಲ್ಲಿ ಅದೊಂದು ಸಣ್ಣ ನಿಲುಗಡೆ. ಟಿಕೆಟ್ ಚಹಾದ ದುಡ್ಡಿಗೆ ಸಿಗುತ್ತದೆ, ಆದರೆ ರೈಲುಗಳು ಬೆರಳೆಣಿಕೆಯಷ್ಟು, ನಿಲ್ದಾಣದಿಂದ ಟರ್ಮಿನಲ್‌ಗೆ ಇನ್ನೂ ಮೂರೂವರೆ ಕಿಲೋಮೀಟರ್ ಬೇರೆ ಬಸ್ಸಿನಲ್ಲಿ ಹೋಗಬೇಕು. ನಿಮ್ಮ ವಿಮಾನದ ಹೊತ್ತಿಗೆ ಆ ರೈಲಿನ ಹೊತ್ತು ಕೂಡಿಬಂದರೆ ಅದೃಷ್ಟ ಎನ್ನಬೇಕು. ಮೆಟ್ರೋದ ನೀಲಿ ಮಾರ್ಗ ಕೆ.ಆರ್. ಪುರದಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ನಿರ್ಮಾಣವಾಗುತ್ತಿದೆ. ಅದು ಮೆಜೆಸ್ಟಿಕ್ ಮೂಲಕ ಹೋಗುವುದಿಲ್ಲವಾದ್ದರಿಂದ ನಮ್ಮ ಕಡೆಯವರು ಹೆಬ್ಬಾಳ ತಲುಪಿ ಹತ್ತಬೇಕಾಗುತ್ತದೆ.

ಈಗಲೇ ಉಪಯೋಗಕ್ಕೆ ಬರುವುದು ತುಮಕೂರು ರಸ್ತೆಯ ಹಸಿರು ಮಾರ್ಗ. 2024ರ ನವೆಂಬರಿನಲ್ಲಿ ಅದು ನಾಗಸಂದ್ರದಿಂದ ಮಾದಾವರದವರೆಗೆ ಬಂದಿರುವುದರಿಂದ, ಬೆಳಗಿನ ವಾಹನದಟ್ಟಣೆಯ ಹೊತ್ತಿಗೆ ಬಸ್ಸು ನೆಲಮಂಗಲ ದಾಟಿದ ಮೇಲೆ ಅಲ್ಲಿ ಇಳಿದು ಮೆಟ್ರೋದಲ್ಲಿ ಮೆಜೆಸ್ಟಿಕ್ ಸೇರಿ ವಾಯುವಜ್ರ ಹಿಡಿಯಬಹುದು. ಸಾಮಾನು ಕಡಿಮೆ ಇದ್ದರೆ ಮೆಜೆಸ್ಟಿಕ್‌ವರೆಗೂ ಹೋಗಬೇಕಿಲ್ಲ: ಗೊರಗುಂಟೆಪಾಳ್ಯದಲ್ಲಿ ಇಳಿದು, ಹೊರವರ್ತುಲ ರಸ್ತೆಯ ಬಿಎಂಟಿಸಿ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಹೋಗಿ, ಅಲ್ಲಿ ನಗರದ ಕಡೆಯಿಂದ ಬರುವ ಯಾವ ವಾಯುವಜ್ರ ಸಿಕ್ಕರೂ ಹತ್ತಬಹುದು. ಹೆಬ್ಬಾಳದಿಂದ ದೂರ ಕಡಿಮೆಯಾದ್ದರಿಂದ ಟಿಕೆಟ್ಟೂ ಕಡಿಮೆ. ಮೇಲುಸೇತುವೆಯ ಕೆಳಗೆ ಮೆಟ್ರೋ ಕಾಮಗಾರಿ ನಡೆಯುತ್ತಿರುವ ಕಾರಣ ಬಸ್ಸು ನಿಲ್ಲುವ ಜಾಗ ಆಗಾಗ ಆಚೀಚೆ ಆಗುತ್ತದೆ. ಇಳಿದ ಕೂಡಲೇ ಕೇಳಿಕೊಂಡು ಹೋಗಿ, ಮತ್ತು ವಿಮಾನದ ಹೊತ್ತಿಗಿಂತ ನಾಲ್ಕು ಗಂಟೆ ಮೊದಲು ಗೊರಗುಂಟೆಪಾಳ್ಯದಲ್ಲಿರುವಂತೆ ದಾವಣಗೆರೆ ಬಿಡಿ.